ಒಡನುಡಿಗೆ ಬಟ್ಟೆ ಮುಚ್ಚಿದ್ದು

ಹರಿಹರ
ಫೆಬ್ರವರಿ ಮೂವತ್ತು, ೨೧೮೪

ಹಿಂದಿನ ಕಾಲದ ಹಿರಿಯರಿಗೆ ಕೊಟ್ರಮ್ಮನ ನಮಸ್ಕಾರ.

ತಾರೀಕು ತಪ್ಪು ಬರೆದಿದ್ದಾಳೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ನನ್ನಂಥವರಿಗೆ ಸುಲಭ ಆಗಲಿ ಅಂತ ಹಾಗೆ ಮಾಡಿದ್ದಾರೆ. ಆದರೂ ಕೇಳಿಕೊಂಡೇ ಬರೆದೆ. ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಶಾಲೆಗೆ ಬಿಟ್ಟು ಬಿಟ್ಟು ಹೋದವಳು ನಾನು. ಬುದ್ಧಿ ನಿಧಾನ. ಒಂದು ಕೆಲಸ ಆದಮೇಲೆ ಮುಂದಿನದು ಯಾವುದು ಅನ್ನೋದು ತಲೆಯಲ್ಲಿ ನಿಲ್ಲೋದಿಲ್ಲ.

ಆದರೂ ನನ್ನದೇ ಮನೆಯಲ್ಲಿ ಒಬ್ಬಳೇ ಇದ್ದೇನೆ. ನನ್ನದು ಆರೊಲೆ, ಅಂದರೆ ಮುಂದೆ ಯಾರೂ ನಿಂತಿಲ್ಲ ಅಂದರೆ ತಾನೇ ಆರುವ ಒಲೆ. ಬಾಗಿಲು ನನ್ನ ಅಂಗೈ ಇಟ್ಟರೆ ತೆರೆಯುತ್ತದೆ, ಬೀಗದ ಕೈ ಕಳೆಯೋ ಭಯ ಇಲ್ಲ. ಒಂದು ದಿನ ತೆರೆಯದೇ ಹೋದರೆ ಅನ್ನೋ ಚಿಂತೆ ಮಾತ್ರ ಇದ್ದೇ ಇದೆ. ಅಡುಗೆಮನೆ ಗೋಡೆಗೆ ಒಡನುಡಿ ತೂಗುಹಾಕಿದೆ. ಅದೊಂದು ಪುಟ್ಟ ಪೆಟ್ಟಿಗೆ. ನಾನು ಮಾಡೋದನ್ನ ನೋಡುತ್ತಾ, ಬೇಳೆ ಬೆಂದಿತು, ಈಗ ಹುಳಿ ಹಾಕು ಅಂತ ಮುಂದಿನದನ್ನ ಹೇಳುತ್ತದೆ. ಬಸ್ಸಿಗೆ ಹೋಗುವಾಗ ಸೆರಗಿಗೆ ಸಿಕ್ಕಿಸಿಕೊಳ್ಳುತ್ತೇನೆ.

ಮೊನ್ನೆ ಮುರುಗೇಶಣ್ಣ, ದಾಕ್ಷಾಯಣಿ ಅತ್ತಿಗೆ ಮೊದಲ ಸಲ ಊಟಕ್ಕೆ ಬಂದರು. ನಾನು ಒಬ್ಬಳೇ ಬಾಳುತ್ತೇನೋ ಇಲ್ಲವೋ ನೋಡೋಕೆ ಬಂದದ್ದು ಅಂತ ಗೊತ್ತಿತ್ತು. ಸರಿ ಕಾಣದಿದ್ದರೆ ಅವರ ಮನೆಗೇ ಕರೆದುಕೊಂಡು ಹೋಗೋರು. ಅವರೆಕಾಳು ಸಾರು ಕುದಿಯುತ್ತಿತ್ತು. ಎಲ್ಲರಿಗೂ ಕೇಳೋ ಹಾಗೆ ಒಡನುಡಿ, ಕೊಟ್ರಮ್ಮ, ಸೀರೆಗೆ ಕೈ ಒರೆಸಬೇಡ, ತೊಳಕೋ ಅಂದುಬಿಟ್ಟಿತು. ಅತ್ತಿಗೆ ನಕ್ಕು, ಅಡಿಗಿ ಮಾಡಿದ್ದು ನೀನಾ ಆ ಡಬ್ಬಿನಾ, ಅದಕ್ಕೂ ಒಂದ್ ತಟ್ಟಿ ಇಡವ್ವ ಅಂದರು. ಕೆಟ್ಟ ಮನಸ್ಸಿನವರಲ್ಲ. ಆದರೂ ನನ್ನ ಕಿವಿ ಕಾದುಹೋಯಿತು. ಪಾತ್ರೆ ಒರೆಸೋ ಬಟ್ಟೆ ತೆಗೆದು ಅದರ ಮೇಲೆ ಹಾಕಿದೆ. ಮುಚ್ಚಿದರೆ ಅದು ಸುಮ್ಮನಾಗುತ್ತದೆ.

ಆಮೇಲೆ ಉಪ್ಪು ಹಾಕಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ಹಾಕಿದೆ. ಬಡಿಸೋ ಹೊತ್ತಿಗೆ ಮತ್ತೆ ಅನುಮಾನ ಬಂತು, ಮತ್ತೆ ಹಾಕಿದೆ. ರುಚಿ ನೋಡಬಾರದಿತ್ತಾ ಅಂತೀರಿ. ಅದನ್ನೂ ಒಡನುಡಿಯೇ ನೆನಪು ಮಾಡಬೇಕು ನನಗೆ. ಅಣ್ಣ ತುತ್ತಿಗೊಂದು ಸಲ ನೀರು ಕುಡಿದು ತಟ್ಟೆ ಖಾಲಿ ಮಾಡಿದ. ಅತ್ತಿಗೆ ತಟ್ಟೆ ಸರಿಸಿ, ಹಿತ್ತಲ ಕೋಣಿ ಖಾಲಿ ಐತಿ, ಬಂದುಬಿಡವ್ವ, ಯಾಕೀ ಪಡಿಪಾಟಲು ಅಂದರು. ಈ ಸಲ ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಅವರು ಹೋದಮೇಲೆ ಬಟ್ಟೆ ತೆಗೆದೆ. ಕೊಟ್ರಮ್ಮ, ಉಪ್ಪು ಹಾಕಿ ಆಗಿದೆ, ಇನ್ನು ಬೇಡ ಅಂತು, ನಿಲ್ಲಿಸಿದ ಕಡೆಯಿಂದಲೇ. ಅತ್ತಿಗೆ ಮುಂದೆ ಆದ ನಾಚಿಕೆ ಹೇಗೋ ಹೋದೀತು. ನನ್ನನ್ನ ದಿನಾ ನಡೆಸೋದನ್ನೇ ಜಿಡ್ಡು ಬಟ್ಟೆಯಲ್ಲಿ ಮುಚ್ಚಿದೆನಲ್ಲ, ಆ ನಾಚಿಕೆ ಹೋಗುತ್ತಿಲ್ಲ.

ಒಡನುಡಿಗೆ ಮಾತಿನ ರೀತಿ ಕಲಿಸಿದವರು ನಿಮ್ಮ ಕಾಲದವರಂತೆ. ಅದಕ್ಕೇ ಬೇಡಿಕೊಳ್ಳುತ್ತೇನೆ. ಜನ ಇದ್ದಾಗ ಹೆಸರು ಕೂಗಿ ತಿದ್ದೋದು ಬೇಡ, ಕೈಗೆ ಕಟ್ಟಿದ ಪಟ್ಟಿಯಿಂದ ಮಣಿಕಟ್ಟಿಗೆ ಮೆಲ್ಲಗೆ ತಟ್ಟೋದು ಕಲಿಸಿ. ಅದಕ್ಕೂ ಮುಂಚೆ ನನ್ನಂಥ ಒಬ್ಬಳನ್ನ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಉತ್ತರ ತಡವಾದೀತು, ಕಾಯಿರಿ.

ನಿಮ್ಮಿಂದ ಆಗುತ್ತೋ ಇಲ್ಲವೋ. ಭಾನುವಾರ ಅವರನ್ನ ಮತ್ತೆ ಊಟಕ್ಕೆ ಕರೆದಿದ್ದೇನೆ. ಅದೇ ಸಾರು. ಒಡನುಡಿ ನನ್ನ ಹೆಸರು ಕೂಗುತ್ತದೆ, ಅತ್ತಿಗೆ ನಗುತ್ತಾರೆ. ಆದರೂ ಆ ಬಟ್ಟೆಯನ್ನ ಒಗೆದು ಮಹಡಿ ಮೇಲೆ ಒಣಹಾಕಿದ್ದೇನೆ, ಅವತ್ತು ಕೈಗೆ ಸಿಗದ ಹಾಗೆ.