ಅಂಚಿನವರೆಗೆ ಸುರಿದ ಚಹಾ

ಮಾರ್ಗಿಲಾನ್, ನವೆಂಬರ್ ೧೪, ಗುರುವಾರ

ಕಣ್ಣು ಮುಚ್ಚಿದರೆ ಅದೇ ಬಟ್ಟಲು. ಅವತ್ತು ನೆಂಟರ ಮುಂದೆ ಸೊಸೆ ಜುಲ್‌ಹುಮೋರ್ ಚಹಾವನ್ನು ಅಂಚಿನವರೆಗೆ ಸುರಿದಳು. ನಮ್ಮಲ್ಲಿ ನೆಂಟರಿಗೆ ಅರ್ಧ ಬಟ್ಟಲು ಕೊಟ್ಟರೆ ಮರ್ಯಾದೆ. ತುಂಬಿಸಿ ಕೊಟ್ಟರೆ ಎದ್ದು ಹೋಗಿ ಎಂದರ್ಥ.

"ನಿಮ್ಮಮ್ಮ ಇದನ್ನೇ ಏನೇ ಕಲಿಸಿದ್ದು? ಒಳಗೆ ಹೋಗು!" ಎಂದು ಗದರಿದೆ. ನೋಡಲು ಹೋದದ್ದು ಸಂಜೆಗೆ. ಅವಳ ಬಲಗೈ ಪೂರ್ತಿ ಸೋತಿತ್ತು; ಚಹಾ ಸುರಿಯುವಾಗಲೇ ಹಿಡಿತ ತಪ್ಪಿತ್ತಂತೆ. ಇಪ್ಪತ್ತೇಳರ ಹುಡುಗಿಗೆ ಲಕ್ವಾ ಹೊಡೆಯುತ್ತದೆಂದು ಯಾರಿಗೆ ಗೊತ್ತಿತ್ತು?

ರೋಗ ಬಾರದಂತೆ ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ರಕ್ತ ಹೆಪ್ಪುಗಟ್ಟಿಸುತ್ತಿದೆಯಂತೆ. ಎರಡು ಬಸಿರು ನಿಲ್ಲದೆ ಹೋದದ್ದೂ ಅದರಿಂದಲೇ ಎಂದರು ಡಾಕ್ಟರು. ಅದಕ್ಕೂ ಅವಳನ್ನೇ ಬೈದಿದ್ದೆನಲ್ಲ.

ಇವತ್ತು ಆಸ್ಪತ್ರೆಯಿಂದ ಬಂದವಳು, ಬೇಡವೆಂದರೂ ಕೇಳದೆ, ಎಡಗೈಯಲ್ಲಿ ನನಗೆ ಚಹಾ ಬಗ್ಗಿಸಿದಳು. ಸರಿಯಾಗಿ ಅರ್ಧ. ತೊದಲುತ್ತ ಕೇಳಿದಳು: "ಈಗ ಸರಿಯಾಯ್ತಾ, ಅತ್ತೆ?"

ಬಟ್ಟಲು ಇನ್ನೂ ನನ್ನ ಮುಂದೆಯೇ ಇದೆ. ಕುಡಿಯಲಾಗಲಿಲ್ಲ, ಚೆಲ್ಲಲೂ…