ನೀನು ಮುಚ್ಚಿದ ಮೂಲೆ

ನುರೋಟಾ
ನವೆಂಬರ್ ೯

ತಂಗಿ ಮುನವ್ವರ್‌ಗೆ,

ಸಲಾಂ. ‘ಪ್ರೀತಿಯ’ ಎಂದು ಬರೆಯಲು ಹೊರಟ ಕೈಯನ್ನು ತಡೆದಿದ್ದೇನೆ. ಕಾಗದದ ಕೊನೆಗೆ ಬರುವಷ್ಟರಲ್ಲಿ ಸಿಟ್ಟು ಇಳಿದರೆ ಆಗ ಸೇರಿಸುತ್ತೇನೆ. ಫೋನ್ ಮಾಡಿದರೆ ನೀನು ನಕ್ಕುಬಿಡುತ್ತೀಯ, ನಿನ್ನ ನಗು ಕೇಳಿದ ಮೇಲೆ ನನಗೆ ಬೈಯಲು ಆಗುವುದಿಲ್ಲ. ಈ ಸಲ ಪೂರ್ತಿ ಬೈಯಲೇಬೇಕೆಂದು ಕಾಗದ ಹಿಡಿದಿದ್ದೇನೆ. ತಾಷ್ಕೆಂಟಿಗೆ ಹೊರಟಿರುವ ಟ್ಯಾಕ್ಸಿಯವನ ಕೈಯಲ್ಲಿ ಕಳಿಸುತ್ತೇನೆ.

ನೀನು ಕಳಿಸಿದ ಪಾರ್ಸೆಲ್ ಬಂತು. ಅದರಲ್ಲಿ ದಿಂಬಿನ ಹೊದಿಕೆ, ಚಹಾ ಕಪ್ಪು, ಒಂದು ಬಿಗಿ ಪ್ಯಾಂಟು, ಬಾಗಿಲಲ್ಲಿ ಹಾಸುವ ಕಾಲೊರೆಸು. ನಾಲ್ಕರ ಮೇಲೂ ನಮ್ಮ ಹೆತ್ತ ಓಯಿ ಕೈಯಾರೆ ಕಸೂತಿ ಹಾಕಿದ ಸುಝನಿಯ ಚಿತ್ತಾರ. ಮಗಳು ರೋಬಿಯಾ ಮೊಬೈಲಿನಲ್ಲಿ ನಿನ್ನ ಅಂಗಡಿಯ ಪುಟ ತೆರೆದು ಉಳಿದವನ್ನೂ ತೋರಿಸಿದಳು. ಬಚ್ಚಲುಮನೆ ಪರದೆ, ಚಪ್ಪಲಿ, ನಾಯಿಗೆ ತೊಡಿಸುವ ಅಂಗಿ. ಯಾವ ಯಾವ ವಸ್ತುವಿನ ಮೇಲೆ ಅಚ್ಚಾಗಬೇಕು ಎಂದು ಅಚ್ಚು ಹಾಕಿ ಕಳಿಸುವ ಕಂಪನಿಯವರು ಒಂದೊಂದನ್ನೇ ಕೇಳುತ್ತಾರಂತೆ. ನೀನು ಒಂದನ್ನೂ ಓದದೆ ‘ಎಲ್ಲವೂ’ ಎಂದು ಒತ್ತಿದೆಯಂತೆ. ಒಂದೊಂದಾಗಿ ಆರಿಸುತ್ತಾ ಕೂರಲು ಯಾರಿಗೆ ಪುರುಸೊತ್ತು ಎಂದು ರೋಬಿಯಾಗೆ ಹೇಳಿದ್ದೀಯ. ಗೋಡೆಯ ನಟ್ಟನಡುವೆ ಬರಬೇಕಾದ ಚಂದ್ರ ಆ ಪ್ಯಾಂಟಿನಲ್ಲಿ ಸರಿಯಾಗಿ ಕುಂಡಿಯ ಮೇಲೆ ಬಂದು ಕೂತಿದೆ. ಅದನ್ನು ಹಾಕಿಕೊಂಡು ಓಡಾಡುವವಳನ್ನು ನೆನೆದು ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು.

ಮದುವೆಯ ಕೋಣೆಯಲ್ಲಿ ಗೋಡೆಗೆ ಕಟ್ಟಲೆಂದು ಹೊಲಿದ ಬಟ್ಟೆ ಅದು, ನಿನ್ನ ಮದುವೆಗೆಂದು. ವಸಂತದಲ್ಲಿ ನೀನು ಅದರ ಚಿತ್ರ ತೆಗೆದುಕೊಳ್ಳಲು ಬಂದಾಗ ಓಯಿ ಬೇಡ ಎನ್ನಲಿಲ್ಲ. ಅವರು ಹೇಳಿದ ಒಂದೇ ಮಾತು ನಿನಗೂ ನೆನಪಿರಬೇಕು: “ದಿಂಬಿಗೆ ಹಾಕು, ಕಿಟಕಿ ಪರದೆಗೆ ಹಾಕು. ಜನ ಕಾಲಿಡೋ ಕಡೆ ಮಾತ್ರ ಹಾಕ್ಬೇಡ ಮಗಳೇ.” ನೀನು ಹೂಂ ಎಂದೆ. ನಿಂತುಕೊಂಡೇ ಚಹಾ ಕುಡಿದೆ. ಬಂದವಳು ಎರಡು ಹೊಲಿಗೆಯಾದರೂ ಹಾಕಿ ಹೋಗು ಎಂದು ಓಯಿ ಸೂಜಿ ಚಾಚಿದರೆ, ಮುಂದಿನ ಸಲ ಎಂದು ಮೊಬೈಲು ಜೇಬಿಗಿಟ್ಟುಕೊಂಡು ಹೊರಟೆ.

ಕಾಲೊರೆಸನ್ನಾದರೂ ಹೇಗೋ ನುಂಗಿಕೊಳ್ಳುತ್ತಿದ್ದೆ. ಆ ಮೂಲೆಯನ್ನು ಯಾಕೆ ಮುಚ್ಚಿದೆ?

ಗೊತ್ತಿಲ್ಲದೆ ಮಾಡಿದೆ ಎನ್ನಬೇಡ. ನೀನು ಹುಟ್ಟಿ ಬೆಳೆದದ್ದೇ ಸೂಜಿ ದಾರದ ಮನೆಯಲ್ಲಿ. ಸುಝನಿಯನ್ನು ಯಾರೂ ಪೂರ್ತಿ ಮುಗಿಸುವುದಿಲ್ಲ. ಒಂದು ಹೂವೋ ಒಂದು ಎಲೆಯೋ ಖಾಲಿ ಬಿಡುತ್ತಾರೆ, ಮಗಳ ಬಾಳು ಅಲ್ಲಿಗೇ ನಿಲ್ಲದಿರಲಿ ಎಂದು. ಆ ಮದುವೆ ಬೇಡವೆಂದು ನೀನು ತಾಷ್ಕೆಂಟಿಗೆ ಹೊರಟಾಗ ಊರೆಲ್ಲ ನಿನ್ನನ್ನು ಆಡಿಕೊಂಡಿತು, ನಾನು ನಿನ್ನ ಪರವಾಗಿಯೇ ಜಗಳಾಡಿದೆ. ಓಯಿ ಜಗಳಾಡಲಿಲ್ಲ, ಹೊಲಿಯುವುದನ್ನು ನಿಲ್ಲಿಸಲೂ ಇಲ್ಲ. ಮದುವೆಯೇ ಇಲ್ಲ, ಇನ್ನು ಯಾರಿಗೆ ಹೊಲಿಯುತ್ತೀರಿ ಎಂದು ಕೇಳಿದವರಿಗೆಲ್ಲ ಆ ಖಾಲಿ ಮೂಲೆ ತೋರಿಸಿ, ಇದನ್ನು ಮುನವ್ವರ್ ಬಂದು ಹೊಲಿಯುತ್ತಾಳೆ ಎನ್ನುತ್ತಿದ್ದರು. ಮದುವೆಯಾದರೂ ಆಗದಿದ್ದರೂ ಸರಿ, ನೀನು ಒಮ್ಮೆ ಬಂದು ಪಕ್ಕದಲ್ಲಿ ಕೂರಬೇಕು, ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಇದನ್ನೇ ಫೋನಿನಲ್ಲಿ ಕೇಳಿದಾಗ ನೀನು ಈ ಅಕ್ಕನಿಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. “ಓಪಾ, ಬಟ್ಟೆ ತುಂಬ ಅಚ್ಚು ಹಾಕ್ಬೇಕು ಅಂದ್ರೆ ಚಿತ್ತಾರ ಒಂದಕ್ಕೊಂದು ಕೂಡ್ಕೋಬೇಕು. ನಡುವೆ ಬೋಳು ಜಾಗ ಬಂದ್ರೆ ಕೊಂಡವರು ಹರಕು ಅಂತ ವಾಪಸ್ ಕಳಿಸ್ತಾರೆ. ಒಂದು ಮೂಲೆಗೆ ಯಾಕಿಷ್ಟು ರಂಪ?” ಎದುರು ಮೂಲೆಯ ದಾಳಿಂಬೆಯನ್ನೇ ನಕಲು ಮಾಡಿ ಇಲ್ಲಿ ಅಂಟಿಸಿದೆಯಂತೆ. ಚಹಾ ಆರುವುದರೊಳಗೆ ಕೆಲಸ ಮುಗಿಯಿತಂತೆ. ತಾಯಿ ವರ್ಷಗಟ್ಟಲೆ ಕಾಯ್ದಿಟ್ಟ ಜಾಗ ನಿನಗೆ ಹರಕಾಗಿ ಕಂಡಿತೇ? ಹಾಗಿದ್ದರೆ ಬಟ್ಟೆ ತುಂಬ ಅಚ್ಚು ಹಾಕುವುದನ್ನೇ ಬಿಡಬೇಕಿತ್ತು. ಇಡೀ ಚಿತ್ರವನ್ನು ಖಾಲಿ ಮೂಲೆಯ ಸಮೇತ ಒಂದೇ ಸಲ ಅಚ್ಚು ಹಾಕುವ ಆಯ್ಕೆಯೂ ಅಲ್ಲೇ ಇದೆಯಂತೆ, ರೋಬಿಯಾ ಹುಡುಕಿ ತೋರಿಸಿದಳು.

ಪಾರ್ಸೆಲ್ ಬಂದ ದಿನ ಏನಾಯಿತೆಂದು ಹೇಳುತ್ತೇನೆ, ಕೇಳು. ರೋಬಿಯಾ ಚೆಂದಕ್ಕೆಂದು ಕಾಲೊರೆಸನ್ನು ಹೊಸ್ತಿಲಿಗೆ ಹಾಸಿದ್ದಳು. ಓಯಿ ಅಂಗಳದಿಂದ ಬಂದು ಅದರ ಮೇಲೆ ಕಾಲಿಟ್ಟರು. ಬುವಿ, ಅದು ನಿಮ್ಮದೇ ಸುಝನಿ ಎಂದು ಮೊಮ್ಮಗಳು ಖುಷಿಯಿಂದ ಕೂಗಿದಳು. ಓಯಿ ಅಲ್ಲೇ ಕುಕ್ಕರಿಸಿ, ಕಾಲೊರೆಸನ್ನು ತೊಡೆಯ ಮೇಲೆ ಎಳೆದುಕೊಂಡು ಉದ್ದಕ್ಕೂ ಕೈಯಾಡಿಸಿದರು. ಮೂಲೆ ತೆರೆದೇ ಇದೆಯಾ ಎಂದು ರೋಬಿಯಾಳನ್ನು ಕೇಳಿದರು. ತಾವೇ ಯಾಕೆ ನೋಡಲಿಲ್ಲ ಎಂದು ನನ್ನನ್ನು ಕೇಳಬೇಡ. ಹುಡುಗಿಗೇನು ಗೊತ್ತು, ಇಲ್ಲ ಬುವಿ, ಅಲ್ಲೂ ಹೂವಿದೆ, ಪೂರ್ತಿ ತುಂಬಿದೆ ಎಂದುಬಿಟ್ಟಳು.

ಓಯಿ ಎದ್ದು ಸುಝನಿಯನ್ನು ಮಡಚಿ ಪೆಟ್ಟಿಗೆಗೆ ಹಾಕಿದರು. ಸೂಜಿಯನ್ನು ಕಿಟಕಿಯ ಪರದೆಗೆ ಸಿಕ್ಕಿಸಿದರು. “ಮುನವ್ವರ್ ಮುಗಿಸಿದ್ಲಂತೆ,” ಎಂದರು, “ಇನ್ನು ನನಗೇನಿದೆ ಕೆಲಸ.” ಅಂದಿನಿಂದ ಅವರು ನಿನ್ನ ಹೆಸರೆತ್ತಿಲ್ಲ. ಗೋಡೆಗೆ ಒರಗಿ ಸುಮ್ಮನೆ ಕೂರುತ್ತಾರೆ. ಇದಕ್ಕೆ ನಾನು ನಿನ್ನನ್ನು ಕ್ಷಮಿಸಿಲ್ಲ.

ಇವತ್ತೇ ಆ ಪುಟ ತೆರೆ. ಕಾಲೊರೆಸು, ಚಪ್ಪಲಿ, ಪ್ಯಾಂಟು, ಬಚ್ಚಲು, ನಾಯಿ, ಎಲ್ಲ ತೆಗೆ. ದಿಂಬು, ಪರದೆ, ಗೋಡೆಯ ಬಟ್ಟೆ ಇರಲಿ. ಅವುಗಳಲ್ಲೂ ಆ ನಕಲಿ ದಾಳಿಂಬೆಯನ್ನು ಅಳಿಸು. ಖಾಲಿ ಮೂಲೆ ಇರುವುದಕ್ಕೆ ಯಾರೂ ಕೊಳ್ಳದಿದ್ದರೆ ಬಿಡಲಿ. ನೀನು ಬದುಕಬೇಕು, ನಿನ್ನ ವ್ಯಾಪಾರ ನಡೆಯಬೇಕು, ನನಗೂ ಗೊತ್ತು. ನಮ್ಮ ತಾಯಿಯ ಎದೆಯ ಮೇಲೆ ಕಾಲಿಟ್ಟು ನಡೆಯುವುದು ಬೇಡ.

ಸಿಟ್ಟು ಇಳಿಯಲಿಲ್ಲ. ಹಾಗಾಗಿ ಆ ಪದವನ್ನು ಸೇರಿಸುವುದಿಲ್ಲ.

ನಿನ್ನ ಅಕ್ಕ,
ಜುಲ್ಹುಮೋರ್

ಮತ್ತೆ ಬಿಡಿಸಿ ಬರೆದದ್ದು: ಕಾಗದ ಮಡಚಿ ಹೊರಗೆ ಬಂದರೆ ಓಯಿ ಅಂಗಳದ ಬಿಸಿಲಿನಲ್ಲಿ ಸುಝನಿ ಹರಡಿಕೊಂಡು ಕೂತಿದ್ದಾರೆ, ಕೈಯಲ್ಲಿ ಸಣ್ಣ ಕತ್ತರಿ. ಹೌಹಾರಿ ಕಸಿದುಕೊಳ್ಳಲು ಹೋದೆ, ಕೊಡಲಿಲ್ಲ. ಖಾಲಿ ಮೂಲೆಯ ಪಕ್ಕದ ದಾಳಿಂಬೆಯನ್ನು ಬೆರಳಿನಿಂದ ತಡವಿ ತಡವಿ ಎಳೆ ಎಳೆಯಾಗಿ ಬಿಚ್ಚುತ್ತಿದ್ದಾರೆ. “ಅವಳು ಒಂದು ಮುಚ್ಚಿದ್ರೆ ನಾನು ಇನ್ನೊಂದು ಬಿಚ್ತೀನಿ,” ಎಂದರು. “ನಂಗೆ ಪೂರ್ತಿ ಕಣ್ಣು ಹೋಗಿದೆ, ಇನ್ನು ಹೊಲಿಯೋಕಾಗಲ್ಲ ಅಂತ ಈಗ ಬರಿ ಅವಳಿಗೆ.” ಇಷ್ಟು ದಿನ ನಿನಗೆ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ನಾವು ಅಕ್ಕತಂಗಿಯರಿಬ್ಬರೂ ಎದುರುಬದುರು ಕೂತು ಹೊಲಿಯುವಷ್ಟು ಜಾಗವಾಗಿದೆ. ಸೂಜಿಗೆ ಕೆಂಪು ರೇಷ್ಮೆ ಪೋಣಿಸಿಟ್ಟಿದ್ದೇನೆ. ಬಾ, ಪ್ರೀತಿಯ ಮುನವ್ವರ್.