ಮೂರನೇ ಬೆಟ್ಟದ ಇಳಿಜಾರು

ಅಂಗಡಿಯಿಂದ,
ಮಾರ್ಚ್ ೧೧, ಮಂಗಳವಾರ

ನನ್ನ ಮುದ್ದು ಮಗಳಿಗೆ,

ಅಪ್ಪನ ಆಶೀರ್ವಾದ. ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೆ, ಬೈಯಬೇಡ. ಬೂಟು ಹೊಲಿಯುವ ಕೈಗೆ ಪೆನ್ನು ಬೇಗ ಬಗ್ಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಅಮ್ಮನ ಮಂಡಿನೋವು ಜೋರು, ಬಾಯಿ ಅದಕ್ಕಿಂತ ಜೋರು. ಅಂಗಡಿ ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದೆ. ಎದುರುಗಡೆ ಟೈಲರ್ ನೋಡಿ, "ಔಷಧಿ ಅಂಗಡಿ ಥರ ಕಾಣ್ತಿದೆ ಕಣಯ್ಯಾ" ಅಂದ.

ಮೂರು ಕಾಗದದಲ್ಲೂ ನೀನು ಕೇಳಿದ್ದು ಒಂದೇ ಮಾತು. "ಆ ಭಾನುವಾರ ನಾನು ತಮ್ಮನ ಜೊತೆ ಹೋಗಿದ್ದರೆ ಅವನು ಉಳಿಯುತ್ತಿದ್ದನಾ ಅಪ್ಪಾ?" ಬರುತ್ತೇನೆ ಎಂದವಳು ಆಸ್ಪತ್ರೆಯಲ್ಲಿ ಡ್ಯೂಟಿ ಬಿತ್ತೆಂದು ನಿಂತೆ, ಗಿಡ್ಡ ಒಬ್ಬನೇ ಬೆಟ್ಟಕ್ಕೆ ಹೋದ. ಆರಡಿ ಬೆಳೆದರೂ ನಮಗೆ ಅವನು ಗಿಡ್ಡನೇ. ಅವನನ್ನು ಹೊತ್ತು ತಂದ ದಿನ ಅಮ್ಮ ಎಲ್ಲರ ಮುಂದೆ, "ನೀನು ಜೊತೆಗಿದ್ದಿದ್ರೆ ನನ್ನ ಮಗ ಇರ್ತಿದ್ದ" ಅಂದುಬಿಟ್ಟಳು. ಅಂದು ಹೋದವಳು ಹದಿನಾಲ್ಕು ತಿಂಗಳಾದರೂ ಹೊಸ್ತಿಲು ತುಳಿದಿಲ್ಲ ನೀನು.

ಅದಕ್ಕೇ ಮೊನ್ನೆ ಭಾನುವಾರ ನಾನೇ ಹೋಗಿ ಬಂದೆ. ಒಬ್ಬನೇ, ಅವನು ಹಿಡಿದ ದಾರಿಯಲ್ಲೇ, ನಾಲ್ಕೂ ಬೆಟ್ಟ, ಒಂದೇ ದಿನದಲ್ಲಿ. ಅಮ್ಮನಿಗೆ ಚರ್ಮ ತರಲು ಹೋಗುತ್ತೇನೆಂದು ಸುಳ್ಳು ಹೇಳಿ ಮೊದಲ ಬಸ್ಸು ಹತ್ತಿದೆ. ಬೆಟ್ಟದ ಬುಡದಲ್ಲಿ ಚಹಾ ಮಾರುವಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ವಯಸ್ಸಲ್ಲಿ ಒಬ್ರೇನಾ ಯಜಮಾನ್ರೇ? ಮನೇಲಿ ಜಗಳಾನಾ?" ಅಂದಳು.

"ಹೌದಮ್ಮಾ, ನನ್ನ ಜೊತೇಲೇ" ಅಂದೆ. ಅವಳು ನಕ್ಕಳು, ನಾನೂ ನಕ್ಕೆ.

ಮೊದಲ ಬೆಟ್ಟ ಬರೀ ಹುಲ್ಲು, ಏದುಸಿರು ಬಂತು ಅಷ್ಟೇ. ಎರಡನೆಯದನ್ನು ಕೋತಿಯ ಹಾಗೆ ಬಂಡೆ ಹಿಡಿದು ಹತ್ತಬೇಕು. ಮೇಲೆ ಕೂತು ಬ್ರೆಡ್ಡು, ಮೊಟ್ಟೆ ತಿಂದೆ. ಗಾಳಿ ನನ್ನ ಟೋಪಿಯನ್ನು ಹಾರಿಸಿಕೊಂಡು ಹೋಯಿತು. ಗಿಡ್ಡ ವಾರವಾರ ಇಲ್ಲಿಗೆ ಯಾಕೆ ಓಡಿ ಬರುತ್ತಿದ್ದ ಎಂದು ಆಗ ಗೊತ್ತಾಯಿತು ಕಣೇ. ಒಮ್ಮೆ "ನೀನೂ ಬಾ ಅಪ್ಪಾ" ಎಂದು ಕರೆದಿದ್ದ. "ಅಂಗಡಿ ನಿಮ್ಮಪ್ಪ ನೋಡ್ಕೋತಾನಾ?" ಅಂದಿದ್ದೆ.

ಮೂರನೆಯದರ ಇಳಿಜಾರು ಮಹಾ ಕೆಟ್ಟದ್ದು. ಒಬ್ಬ ಆಳು ಹಿಡಿಸುವಷ್ಟೇ ದಾರಿ, ಎಡಕ್ಕೆ ಪ್ರಪಾತ, ಕಾಲಡಿ ಜಾರುವ ಜಲ್ಲಿಕಲ್ಲು. ಅವನು ಬಿದ್ದಲ್ಲಿ ಯಾರೋ ಪುಣ್ಯಾತ್ಮರು ಕಲ್ಲುಗುಪ್ಪೆ ಮಾಡಿಟ್ಟಿದ್ದಾರೆ. ಅಲ್ಲಿ ಕೂತು ಮನಸಾರೆ ಅತ್ತೆ. ಇಬ್ಬರು ಅಕ್ಕಪಕ್ಕ ನಿಲ್ಲಲಾಗದ ಜಾಗ ಅದು. ನೀನಿದ್ದಿದ್ದರೂ ಹಿಂದೆ ನಿಂತು ಕಣ್ಣಾರೆ ನೋಡುತ್ತಿದ್ದೆ, ಅಷ್ಟೇ. ನಿನ್ನ ಪ್ರಶ್ನೆಗೆ ಇದೇ ಉತ್ತರ.

ನಾಲ್ಕನೆಯದನ್ನು ಅವನು ಮುಟ್ಟಲಿಲ್ಲ. ನಾನು ಕುಂಟುತ್ತಾ ಹೇಗೋ ಮುಟ್ಟಿದೆ. ಅಲ್ಲಿ ಏನೂ ಇರಲಿಲ್ಲ. ಕೊನೆಯ ಬಸ್ಸಿಗೆ ವಾಪಸ್ಸಾದೆ.

ಹೊತ್ತುಹೊತ್ತಿಗೆ ಊಟ ಮಾಡು. ನೀನು ಕೈ ಮುಟ್ಟಿದ ರೋಗಿಗಳೆಲ್ಲ ಎದ್ದು ಓಡಾಡಲಿ. ನನ್ನ ಆಯುಸ್ಸೂ ನಿನಗಿರಲಿ.

ನಿನ್ನ
ಅಪ್ಪ

ತಾ.ಕ.: ಕಾಗದ ಮಡಚಿ ಎರಡು ದಿನ ಡ್ರಾಯರಿನಲ್ಲಿಟ್ಟಿದ್ದೆ. ಅರ್ಧ ಸತ್ಯ ಕಳಿಸಲು ಮನಸ್ಸಾಗಲಿಲ್ಲ. ಬೆಟ್ಟಕ್ಕೆ ಹೋಗುವ ಹಿಂದಿನ ದಿನ ಗಿಡ್ಡ ತನ್ನ ಬೂಟಿನ ಅಡಿಗೆ ಹೊಸ ಅಟ್ಟೆ ಹಾಕಲು ಕೊಟ್ಟಿದ್ದ. ಗಿರಾಕಿಗಳ ಕೆಲಸ ರಾಶಿ ಬಿದ್ದಿತ್ತು. ಮನೆಯವನದೇ ಅಲ್ಲವೇ ಎಂದು ಬರೀ ಅಂಟು ಹಚ್ಚಿ ಒತ್ತಿಟ್ಟೆ. ಹೊಲಿಗೆ ಆಮೇಲೆ ಹಾಕಿದರಾಯಿತು ಅಂದುಕೊಂಡೆ. ಅವನಿಗೆ ಹೇಳಲಿಲ್ಲ. ಪೊಲೀಸರು ಕೊಟ್ಟ ಅವನ ಸಾಮಾನಿನ ಚೀಲದಲ್ಲಿ ಒಂದು ಬೂಟಿನ ಅಟ್ಟೆ ಬಾಯಿ ಬಿಟ್ಟಿತ್ತು. ಬಿದ್ದಾಗ ಕಿತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಂಡು, ಆ ಬೂಟನ್ನು ಅಂಗಡಿಯ ಬೀರುವಿನಲ್ಲಿ ಬಚ್ಚಿಟ್ಟೆ. ಅಮ್ಮ ನಿನಗೆ ಹಾಗೆ ಅಂದಾಗ ಪಕ್ಕದಲ್ಲೇ ನಿಂತಿದ್ದವನು ಬಾಯಿಗೆ ಬೀಗ ಹಾಕಿಕೊಂಡೆ.

ಮೊನ್ನೆ ಭಾನುವಾರ ನನ್ನ ಬೂಟಿಗೂ ಅದೇ ಅಂಟು ಹಚ್ಚಿ, ಹೊಲಿಯದೆ ತೊಟ್ಟು ಹೋಗಿದ್ದೆ. ಮೂರನೆಯದರ ಇಳಿಜಾರಿನಲ್ಲಿ, ಕಲ್ಲುಗುಪ್ಪೆ ಕಣ್ಣಿಗೆ ಬೀಳುವ ಮೊದಲೇ, ಅಟ್ಟೆ ಬಿಟ್ಟಿತು. ನಾನು ಬೀಳಲಿಲ್ಲ. ಬಿಡುತ್ತದೆಂದು ಬೆಳಗಿನಿಂದ ಪ್ರತಿ ಹೆಜ್ಜೆಗೂ ಕಾಯುತ್ತಿದ್ದೆನಲ್ಲ. ಅವನು ಅಪ್ಪ ಹಾಕಿದ ಅಟ್ಟೆ ಎಂದು ನಂಬಿ ಕಾಲಿಟ್ಟಿದ್ದ.

ತಪ್ಪು ನಿನ್ನದಲ್ಲ ಮಗಳೇ, ನನ್ನದು. ಇವತ್ತು ಬೆಳಿಗ್ಗೆ ಅಮ್ಮನಿಗೂ ಎಲ್ಲ ಹೇಳಿದೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಿನ್ನ ಹಾಸಿಗೆ ತೆಗೆದು ಬಿಸಿಲಿಗೆ ಹಾಕಿದ್ದಾಳೆ.